ಒಬ್ಬರಿಗೊಂದು ಗಿಡ ನೆಟ್ಟರೆ ಕ್ಯಾಂಪಸ್ ಪರಿಸರಸ್ನೇಹಿ ಆಗುತ್ತದೆಯೇ?

ಜೂನ್ 5 ಹತ್ತಿರ ಬಂತೆಂದರೆ ಕಾಲೇಜು ಗ್ರೂಪ್‌ಗಳಲ್ಲಿ ಇಂಥ ಸಂದೇಶಗಳು ಓಡಾಡುತ್ತವೆ: ಪ್ರತಿ ವಿದ್ಯಾರ್ಥಿ ಒಂದು ಗಿಡ ನೆಟ್ಟರೆ ಸಾಕು, ಕ್ಯಾಂಪಸ್ಸಿನ ಮಾಲಿನ್ಯವೆಲ್ಲ ಸರಿಹೋಗುತ್ತದೆ. ಗಿಡ ನೆಡುವುದು ಒಳ್ಳೆಯದೇ. ಆದರೆ ‘ಸಾಕು’ ಎಂಬ ಮಾತು ನಿಜವೇ? ಲೆಕ್ಕ ಹಾಕಿ ನೋಡಿದೆವು.

ನಂಜನಗೂಡು ತಾಲ್ಲೂಕಿನ ಕಳಲೆಯಿಂದ ಮೈಸೂರಿನ ಮಾನಸಗಂಗೋತ್ರಿಗೆ ದಿನಾ ಬೈಕಿನಲ್ಲಿ ಬರುವ ಒಬ್ಬ ವಿದ್ಯಾರ್ಥಿ ಇದ್ದಾನೆ ಎಂದುಕೊಳ್ಳೋಣ. ಹೋಗಿ ಬರಲು 50 ಕಿ.ಮೀ. ದಾಟುತ್ತದೆ. ಲೀಟರಿಗೆ 50 ಕಿ.ಮೀ. ಕೊಡುವ ಬೈಕಾದರೂ ದಿನಕ್ಕೆ ಒಂದು ಲೀಟರ್ ಪೆಟ್ರೋಲ್ ಬೇಕೇ ಬೇಕು. ಒಂದು ಲೀಟರ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. (ಮುಕ್ಕಾಲು ಕೆ.ಜಿ. ತೂಗುವ ಪೆಟ್ರೋಲಿನಿಂದ ಅಷ್ಟೊಂದು ಅನಿಲ ಹೇಗೆ ಎಂದು ಕೇಳಬಹುದು. ಪೆಟ್ರೋಲಿನ ಇಂಗಾಲಕ್ಕೆ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ, ಹೆಚ್ಚಿನ ತೂಕ ಅದರದ್ದು.) ವರ್ಷಕ್ಕೆ 200 ದಿನ ತರಗತಿ ಎಂದರೆ 460 ಕೆ.ಜಿ.

ಬೆಳೆದ ಒಂದು ಮರ ವರ್ಷಕ್ಕೆ ಸುಮಾರು 20 ಕೆ.ಜಿ. ಹೀರುತ್ತದೆ ಎಂಬುದು ಸಾಮಾನ್ಯವಾಗಿ ಬಳಸುವ ಅಂದಾಜು. ಜಾತಿ, ವಯಸ್ಸು, ಮಳೆಯನ್ನು ನೋಡಿಕೊಂಡು ಇದು ಬದಲಾಗುತ್ತದೆ. ಅಂದರೆ ಆ ಒಂದು ಬೈಕಿಗೇ 23 ಮರ ಬೇಕು. ಅವನು ನೆಟ್ಟಿದ್ದು ಒಂದು, ಅದೂ ಮೊಣಕಾಲೆತ್ತರದ ಸಸಿ.

ಅದೇ ದಾರಿಯಲ್ಲಿ ಐವತ್ತು ಜನರಿರುವ ಬಸ್ಸಿನಲ್ಲಿ ಬಂದರೆ ಅವನ ಪಾಲಿನ ಹೊಗೆ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಹೆಣ್ಣುಮಕ್ಕಳಿಗಂತೂ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡೂ ಇಲ್ಲ. ತರಗತಿಯ ಹೊತ್ತಿಗೆ ಸರಿಯಾಗಿ ಬಸ್ ಬರುವಂತೆ ಮಾಡಿದರೆ ಎಷ್ಟೋ ಸಸಿಗಳಿಗಿಂತ ಹೆಚ್ಚು ಕೆಲಸವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಹಾಸ್ಟೆಲ್ ಚಾವಣಿಯ ಸೋಲಾರ್ ಹೀಟರ್ ಕೂಡ ಹಾಗೆಯೇ. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್, ವರ್ಷಕ್ಕೆ ಸುಮಾರು 250 ಕೆ.ಜಿ. ಇಂಗಾಲದ ಡೈಆಕ್ಸೈಡ್.

ಇನ್ನು ನೀರು. ಮಾನಸಗಂಗೋತ್ರಿಯ ಪಕ್ಕದ ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದರು. ಈಗ ಅದನ್ನು ಮೈಸೂರು ವಿಶ್ವವಿದ್ಯಾನಿಲಯ ನೋಡಿಕೊಳ್ಳುತ್ತಿದೆ. ದಂಡೆಯ ಮೇಲೆ ಮರಗಳಿಗೇನೂ ಕೊರತೆಯಿಲ್ಲ. ಆದರೂ ಸುತ್ತಲ ಬಡಾವಣೆಗಳ ಕೊಳಚೆ ಸೇರುತ್ತದೆಂಬ ದೂರು ಹಳೆಯದು. ಕೊಳಚೆಯಲ್ಲಿರುವ ಸಾರಜನಕ, ರಂಜಕಗಳು ಪಾಚಿಗೆ ಗೊಬ್ಬರವಿದ್ದಂತೆ. ಹಗಲಲ್ಲಿ ಆಮ್ಲಜನಕ ಬಿಡುವ ಪಾಚಿ ರಾತ್ರಿ ಅದನ್ನೇ ಬಳಸಿಕೊಳ್ಳುತ್ತದೆ. ಕೊಳೆಯುವ ಪಾಚಿ ಇನ್ನಷ್ಟು ಕಬಳಿಸುತ್ತದೆ. ಬೆಳಗಿನ ಜಾವಕ್ಕೆ ಆಮ್ಲಜನಕ ತೀರಾ ಕುಸಿದು ಮೀನು ಸಾಯುತ್ತವೆ. ಯಾವುದೇ ಕೆರೆಯಲ್ಲಿ ಮೀನು ತೇಲಿದ ಫೋಟೊ ಬಂದರೆ ‘ಯಾರೋ ವಿಷ ಹಾಕಿದ್ದಾರೆ’ ಎಂದು ಫಾರ್ವರ್ಡ್ ಮಾಡುವ ಮುನ್ನ ಇದನ್ನೂ ಯೋಚಿಸಿ. ದಂಡೆಯ ಮೇಲೆ ಇನ್ನೂ ನೂರು ಗಿಡ ನೆಟ್ಟರೂ ಆ ಕೊಳಚೆ ನಿಲ್ಲದು. ಅದನ್ನು ಮೇಲೇ ತಡೆದು ಒಳಚರಂಡಿಗೆ ತಿರುಗಿಸಬೇಕು, ಇಲ್ಲವೇ ಶುದ್ಧೀಕರಿಸಿ ಬಿಡಬೇಕು. ಆ ಕೆಲಸ ಕ್ಯಾಂಪಸ್ಸಿನ ಗೇಟಿನ ಹೊರಗೆ, ಊರಿನ ಚರಂಡಿಗಳಲ್ಲಿ ಆಗಬೇಕಾದದ್ದು.