ಕೀಲಿಗೆ ಗ್ರೀಸು, ಶಾಕಿಗೆ ಎಣ್ಣೆ

ಕೊಡಗು, ಚಿಕ್ಕಮಗಳೂರಿನ ರೆಸಾರ್ಟ್‌ಗಳಲ್ಲಿ ಬಾಡಿಗೆಗೆ ಸಿಗುವ ದಪ್ಪ ಟೈರಿನ ನಾಲ್ಕು ಚಕ್ರದ ಬೈಕನ್ನು ನೋಡಿದ್ದೀರಲ್ಲ, ಅದು ಆ ಕುಲದ ಸಾಧು ಪ್ರಾಣಿ. ಪುಂಡರ ಕವಲು ಬೇರೆಯೇ ಇದೆ. ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಗಳ ನೆತ್ತಿಯಿಂದ ಹಾರುವುದಕ್ಕೆಂದೇ ಹುಟ್ಟಿದ ಸ್ಪೋರ್ಟ್ ಕ್ವಾಡ್‌ಗಳವು. ಡಕಾರ್ ರ್‍ಯಾಲಿಯಲ್ಲಿ 2009ರಿಂದ 2024ರವರೆಗೆ ಕ್ವಾಡ್‌ಗಳಿಗೆ ಪ್ರತ್ಯೇಕ ಪಟ್ಟವೇ ಇತ್ತು. ಅಲ್ಲಿ ಮೆರೆದದ್ದು ಯಮಾಹಾ ರ್‍ಯಾಪ್ಟರ್ 700. ಒಂದೇ ಸಿಲಿಂಡರ್, 686 ಸಿಸಿ, ಸುಮಾರು 190 ಕೆ.ಜಿ. ತೂಕ.

ಜನ ಇದರ ಎಂಜಿನ್ ಬಗ್ಗೆ ಮಾತಾಡುತ್ತಾರೆ, ಸೈಲೆನ್ಸರಿನ ಸದ್ದಿಗೆ ಮರುಳಾಗುತ್ತಾರೆ. ಆದರೆ ಗಾಡಿ ಚೆನ್ನಾಗಿದೆಯೋ ಇಲ್ಲವೋ ಎಂದು ನಿಜವಾಗಿ ಹೇಳುವುದು ಕಣ್ಣಿಗೆ ಬೀಳದ ಬುಷ್ಷು, ಬೇರಿಂಗುಗಳು.

ಮೊದಮೊದಲು ಈ ಬುಷ್ಷು, ಬೇರಿಂಗು ಸವೆಯುವ ತಲೆನೋವೇ ಇರಲಿಲ್ಲ. 1970ರಲ್ಲಿ ಹೋಂಡಾ ಮಾರಾಟಕ್ಕೆ ಬಿಟ್ಟ ಮೂರು ಚಕ್ರದ ಎಟಿಸಿ 90ಗೆ ಸಸ್ಪೆನ್ಷನ್ನೇ ಇಲ್ಲ. ಬಲೂನಿನಂತೆ ಉಬ್ಬಿದ ಟೈರುಗಳೇ ಕುಲುಕಾಟವನ್ನು ನುಂಗಬೇಕಿತ್ತು. 1985ರಲ್ಲಿ ಸುಜುಕಿಯ ಎಲ್‌ಟಿ 250ಆರ್ ಬಂದ ಮೇಲೆ ನಾಲ್ಕು ಚಕ್ರದ ಓಟದ ಯುಗ ಶುರುವಾಯಿತು, ಜೊತೆಗೆ ಸವೆಯುವ ಕೀಲುಗಳೂ ಹೆಚ್ಚಿದವು.

ರ್‍ಯಾಪ್ಟರ್‌ನ ಮುಂದಿನ ಒಂದೊಂದು ಚಕ್ರವನ್ನೂ ಮೇಲೊಂದು ಕೆಳಗೊಂದು ತ್ರಿಕೋನದ ತೋಳು ಹಿಡಿದಿರುತ್ತದೆ. ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಎ-ಆರ್ಮ್. ತೋಳಿನ ಚಾಸಿ ಕಡೆಯ ತುದಿಗಳಲ್ಲಿ ಬುಷ್ಷು, ಚಕ್ರದ ಕಡೆಯ ತುದಿಯಲ್ಲಿ ಬಾಲ್ ಜಾಯಿಂಟ್. ಹಿಂದೆ ಎರಡೂ ಚಕ್ರಕ್ಕೆ ಒಂದೇ ಆಕ್ಸಲ್, ಅದನ್ನು ಹೊತ್ತ ಸ್ವಿಂಗ್ ಆರ್ಮ್, ಅದರ ಅಡಿಯಲ್ಲಿ ಶಾಕ್ ಅಬ್ಸಾರ್ಬರ್‌ಗೆ, ಅಂದರೆ ಶಾಕ್‌ಗೆ, ಸೇರುವ ಲಿಂಕೇಜ್. ಮುಂದಿನ ಚಕ್ರ ಸುಮಾರು 23 ಸೆಂ.ಮೀ., ಹಿಂದಿನದು ಸುಮಾರು 25 ಸೆಂ.ಮೀ. ಮೇಲೆ ಕೆಳಗೆ ಆಡುತ್ತದೆ. ಹಾರಿ ಬಿದ್ದಾಗಲೆಲ್ಲ ಆ ಹೊಡೆತ ಹೆಬ್ಬೆರಳಿನಷ್ಟು ದಪ್ಪದ ಪಿನ್ನುಗಳ ಮೂಲಕವೇ ಹಾದು ಹೋಗಬೇಕು.

ಹಾರಾಟಕ್ಕಿಂತಲೂ ಕೀಲುಗಳಿಗೆ ದೊಡ್ಡ ಶತ್ರು ನಮ್ಮ ವಾಟರ್ ಸರ್ವಿಸ್. ಕೆಸರು ಹೋಗಲೆಂದು ಜೋರು ನೀರಿನ ಪೈಪನ್ನು ಬೇರಿಂಗಿನ ಮುಖಕ್ಕೇ ಹಿಡಿದರೆ ನೀರು ಸೀಲು ದಾಟಿ ಒಳಹೊಕ್ಕು ಗ್ರೀಸನ್ನು ಕದಡುತ್ತದೆ. ಹೊರಗೆ ಗಾಡಿ ಫಳಫಳ, ಒಳಗೆ ತುಕ್ಕು. ಲಿಂಕೇಜಿನ ಬೇರಿಂಗುಗಳಂತೂ ನೆಲಕ್ಕೆ ಹತ್ತಿರ, ಮರಳು ಕೆಸರು ಎರಚುವ ಜಾಗದಲ್ಲೇ ಕೂತಿರುವುದರಿಂದ ಬೇಗ ಒಣಗುತ್ತವೆ. ಸ್ವಿಂಗ್ ಆರ್ಮ್‌ನ ಉದ್ದ ಬೋಲ್ಟು ವರ್ಷಗಟ್ಟಲೆ ಬಿಚ್ಚದೆ ಉಳಿದರೆ ತುಕ್ಕು ಹಿಡಿದು ಜಾಮ್ ಆಗುತ್ತದೆ. ಆಮೇಲೆ ಸುತ್ತಿಗೆ, ಬೆಂಕಿ, ಕೊನೆಗೆ ಕಟರ್. ವರ್ಷಕ್ಕೊಮ್ಮೆಯಾದರೂ ಅದನ್ನು ಹೊರಗೆಳೆದು, ನೀರಿಗೆ ಜಗ್ಗದ ಒಳ್ಳೆಯ ಗ್ರೀಸು ಸವರಿ ಹಾಕಿದ್ದರೆ ಈ ರಂಪವೇ ಇರುತ್ತಿರಲಿಲ್ಲ. ಮರಳಲ್ಲೇ ಓಡಿಸುವವರು ಇನ್ನೂ ಬೇಗ ಬಿಚ್ಚುವುದು ಒಳ್ಳೆಯದು. ಎ-ಆರ್ಮಿಗೆ ಗ್ರೀಸ್ ನಿಪ್ಪಲ್ ಇದ್ದರೆ ಕೆಲಸ ಸುಲಭ: ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಇಣುಕುವವರೆಗೆ ಗನ್ ಒತ್ತುವುದು.

ಸವೆತ ಕಂಡುಹಿಡಿಯಲು ಯಂತ್ರ ಬೇಡ, ಕೈ ಸಾಕು. ಮುಂಭಾಗವನ್ನು ಜಾಕಿನ ಮೇಲೆ ಎತ್ತಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಯಾರನ್ನಾದರೂ ಮುಂದಿನ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೊಮ್ಮೆ ಅಲ್ಲಾಡಿಸಿ. ಆಟ ಮಾಯವಾದರೆ ಚಕ್ರದ ಬೇರಿಂಗ್ ಹೋಗಿದೆ. ಹಾಗೇ ಉಳಿದರೆ ಬಾಲ್ ಜಾಯಿಂಟೋ ಎ-ಆರ್ಮ್ ಬುಷ್ಷೋ ಸವೆದಿದೆ. ಟೈರನ್ನು ಎಡಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ ಅನುಮಾನ ಸ್ಟೀರಿಂಗಿನ ಟೈ ರಾಡ್ ತುದಿಗಳ ಮೇಲೆ. ಹಿಂದಕ್ಕೆ ಬಂದು ಸ್ವಿಂಗ್ ಆರ್ಮನ್ನು ಅಡ್ಡಕ್ಕೆ ತಳ್ಳಿ ನೋಡಿದರೆ ಅದರ ಬೇರಿಂಗಿನ ಸ್ಥಿತಿಯೂ ಗೊತ್ತಾಗುತ್ತದೆ.

ಶಾಕ್‌ನ ವಿಷಯ ಬೇರೆ. ಒಳಗಿನ ಎಣ್ಣೆ ನಿಧಾನವಾಗಿ ಹಳಸುತ್ತದೆ, ಗಾಡಿಯ ಕುಣಿತ ದಿನದಿನಕ್ಕೆ ಹೆಚ್ಚುತ್ತದೆ, ಓಡಿಸುವವನು ಅದಕ್ಕೇ ಒಗ್ಗಿಕೊಂಡುಬಿಡುತ್ತಾನೆ! ರಾಡಿನ ಮೇಲೆ ಎಣ್ಣೆಯ ಪಸೆ ಕಂಡರೆ ಸೀಲು ಸೋತಿದೆ ಎಂದರ್ಥ. ಒಳಗಿನ ಎಣ್ಣೆ ನೊರೆಯಾಗದಿರಲೆಂದು ಬಹುತೇಕ ಶಾಕ್‌ಗಳಲ್ಲಿ ನೈಟ್ರೋಜನ್ನನ್ನು ಒತ್ತಡದಲ್ಲಿ ತುಂಬಿರುತ್ತಾರೆ. ಹಾಗಾಗಿ ಇದೊಂದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ, ಬಲ್ಲವರ ಕೈಗೆ ಕೊಡಿ. ಬುಷ್ಷು ಬದಲಿಸದೆ ದುಬಾರಿ ಶಾಕ್ ಹಾಕಿಸುವವರೂ ಇದ್ದಾರೆ. ನನ್ನ ಮಟ್ಟಿಗೆ ಅದು ದುಡ್ಡು ದಂಡ.

ಹಳೆಯ ಗಾಡಿ ಕೊಳ್ಳುವವರಿಗಂತೂ ಈ ಪರೀಕ್ಷೆ ಬೇಕೇ ಬೇಕು. ಇಂಥದ್ದೇ ಇನ್ನೊಂದು ಸ್ಪೋರ್ಟ್ ಕ್ವಾಡ್ ಯಮಾಹಾ ಬ್ಯಾನ್ಶೀಯ ಮಾರಾಟ ಅಮೆರಿಕದಲ್ಲಿ 2006ಕ್ಕೆ ನಿಂತಿತು. ಹೋಂಡಾ ಟಿಆರ್‌ಎಕ್ಸ್ 450ಆರ್ ಕೂಡ ಈಗ ತಯಾರಾಗುತ್ತಿಲ್ಲ. ಅಂದರೆ ಇವು ಬೇಕೆಂದವರಿಗೆ ಸೆಕೆಂಡ್ ಹ್ಯಾಂಡೇ ಗತಿ. ಕೊಳ್ಳಲು ಹೋದಾಗ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸುವ ಮಾಲೀಕನಿಗೆ ಮೊದಲು ಜಾಕ್ ತರಲು ಹೇಳಿ.