ಬೆಕ್ಕನ್ನು ಮರುಳುಗೊಳಿಸುವ ಗಿಡ

ಮನೆಯಲ್ಲಿ ಸಾಕಿದ ಪ್ರಾಣಿಗಳಲ್ಲಿ ಬೆಕ್ಕಿನಷ್ಟು ಬಿಗುಮಾನವುಳ್ಳದ್ದು ಬೇರೊಂದಿಲ್ಲ. ಕರೆದರೆ ಬಾರದು, ಬಂದರೂ ತನ್ನ ಇಷ್ಟದಿಂದ ಬಂದಂತೆ ನಟಿಸುವುದು. ಇಂತಹ ಬೆಕ್ಕು ಒಂದು ಸಾಮಾನ್ಯ ಹಸುರು ಗಿಡದ ಮುಂದೆ ತನ್ನ ಘನತೆಯನ್ನೆಲ್ಲ ಮರೆತು, ಎಲೆಯನ್ನು ನೆಕ್ಕಿ, ಕಚ್ಚಿ, ಕೆನ್ನೆಯನ್ನು ಅದಕ್ಕೆ ಉಜ್ಜಿ, ಕೊನೆಗೆ ನೆಲದ ಮೇಲೆ ಹೊರಳಾಡತೊಡಗಿದರೆ ಯಾರಿಗೆ ತಾನೆ ಅಚ್ಚರಿಯಾಗದು? ಆ ಗಿಡವೇ ಕ್ಯಾಟ್‌ನಿಪ್. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ನೆಪೆಟ ಕಟೇರಿಯ. ಯೂರೋಪು ಮತ್ತು ಏಷ್ಯದ ಕೆಲವು ಭಾಗಗಳು ಇದರ ತವರು. ನಮ್ಮ ತುಳಸಿ, ಪುದೀನ, ದೊಡ್ಡಪತ್ರೆಗಳ ಕುಟುಂಬಕ್ಕೇ ಇದೂ ಸೇರಿದೆ. ನಾಲ್ಕು ಮೂಲೆಯ ಕಾಂಡ, ನವಿರಾದ ರೋಮಗಳುಳ್ಳ ಬೂದು ಹಸುರಿನ ಎಲೆ, ನೇರಿಳೆ ಚುಕ್ಕೆಗಳಿರುವ ಬಿಳಿಯ ಹೂ: ನೋಡುವುದಕ್ಕೆ ಅಂತಹ ಚೆಲುವೇನೂ ಇಲ್ಲ.

ಇದನ್ನು ಬೆಳೆಸಲು ಹೊರಟವರಿಗೆ ಎದುರಾಗುವ ಮುಖ್ಯ ಶತ್ರು ಹುಳುವೂ ಅಲ್ಲ, ರೋಗವೂ ಅಲ್ಲ; ಯಾರ ಸಲುವಾಗಿ ಬೆಳೆಸುವೆವೋ ಆ ಬೆಕ್ಕೇ. ಲಂಡನ್ನಿನ ಚೆಲ್ಸೀ ಔಷಧಿವನದ ಮೇಲ್ವಿಚಾರಕನಾಗಿದ್ದ ಫಿಲಿಪ್ ಮಿಲ್ಲರ್ ಎಂಬಾತ ೧೮ನೆಯ ಶತಮಾನದಲ್ಲಿಯೇ ಒಂದು ವಿಚಿತ್ರವನ್ನು ಗುರುತಿಸಿದ್ದನು. ಬೇರೆಡೆಯಿಂದ ಕಿತ್ತು ತಂದು ನೆಟ್ಟ ಗಿಡಗಳನ್ನು ಬೆಕ್ಕುಗಳು ಹಾಳುಗೆಡವುತ್ತಿದ್ದವು. ಅವುಗಳ ಹತ್ತಿರದಲ್ಲೇ ಬೀಜದಿಂದ ಬೆಳೆದ ಗಿಡಗಳ ಗೊಡವೆಗೆ ಹೋಗುತ್ತಿರಲಿಲ್ಲ. ಗಿಡ ಒಂದೇ, ಮಣ್ಣು ಒಂದೇ, ಬೆಕ್ಕೂ ಅದೇ. ಹಾಗಾದರೆ ಈ ಭೇದವೇಕೆ?

ಉತ್ತರವು ಎಲೆಯಲ್ಲಿದೆ. ಎಲೆಯ ಮೇಲೆ, ಅದರಲ್ಲಿಯೂ ಕೆಳಮೈಯಲ್ಲಿ, ಸೂಕ್ಷ್ಮವಾದ ಗ್ರಂಥಿಗಳುಂಟು. ಅವುಗಳಲ್ಲಿ ಸುಗಂಧತೈಲವು ಸಂಗ್ರಹವಾಗಿರುತ್ತದೆ. ಎಲೆ ಜಜ್ಜಿದಾಗ ಗ್ರಂಥಿಗಳು ಒಡೆದು ಪರಿಮಳ ಹೊರಹೊಮ್ಮುವುದು. ಕಿತ್ತು ನೆಡುವಾಗ ನಮ್ಮ ಕೈಯಿಂದಲೇ ಎಲೆಗಳು ಮುರುಟಿ ಬೆಕ್ಕಿಗೆ ಆಮಂತ್ರಣ ಹೋಗುತ್ತದೆ. ತುಳಸಿಯ ಎಲೆಯನ್ನು ಬೆರಳಲ್ಲಿ ಹೊಸಕಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಈ ತೈಲದ ಮುಖ್ಯ ದ್ರವ್ಯವೇ ನೆಪೆಟಲಾಕ್ಟೋನ್. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮೆಕೆಲ್ವೇನ್ ಮತ್ತು ಸಂಗಡಿಗರು ೧೯೪೧ರಲ್ಲಿ ಇದನ್ನು ಬೇರ್ಪಡಿಸಿದರು.

ಗಿಡವು ಬೆಕ್ಕಿಗಾಗಿ ಇಷ್ಟೆಲ್ಲ ಶ್ರಮಪಡುವುದುಂಟೆ? ಇಲ್ಲ. ೧೯೬೪ರಲ್ಲಿ ಥಾಮಸ್ ಐಸ್ನರ್ ಎಂಬ ವಿಜ್ಞಾನಿಯು ಈ ದ್ರವ್ಯದಿಂದ ಅನೇಕ ಕೀಟಗಳು ದೂರ ಸರಿಯುವುದನ್ನು ತೋರಿಸಿದನು. ಗಿಡಕ್ಕೆ ಅದು ಕೀಟಗಳಿಂದ ಪಾರಾಗುವ ಉಪಾಯ. ಬೆಕ್ಕು ಅದನ್ನು ತನಗೂ ಬಳಸಿಕೊಳ್ಳುತ್ತದೆಯೆಂಬುದು ೨೦೨೧ರಲ್ಲಿ ಹೊರಬಿತ್ತು. ಜಪಾನಿನ ಇವಾತೆ ವಿಶ್ವವಿದ್ಯಾನಿಲಯದ ಮಿಯಜಾಕಿ ಮತ್ತು ಸಂಗಡಿಗರು, ಬೆಕ್ಕುಗಳಿಗೆ ಅಷ್ಟೇ ಪ್ರಿಯವಾದ ಮತತಬಿ ಎಂಬ ಬಳ್ಳಿಯನ್ನು ಪರೀಕ್ಷಿಸಿದರು. ಅದರ ಎಲೆಗೆ ಮೈಯುಜ್ಜಿದ ಬೆಕ್ಕುಗಳ ತಲೆಯ ಮೇಲೆ ಸೊಳ್ಳೆಗಳು ಕಡಿಮೆ ಇಳಿದವು. ಹೊರಳಾಟದ ವೇಳೆ ಬೆಕ್ಕಿನ ಶರೀರದಲ್ಲಿ ಎಂಡಾರ್ಫಿನ್ ಎಂಬ, ಸುಖಕ್ಕೆ ಕಾರಣವಾದ ವಸ್ತುವು ಹೆಚ್ಚುವುದು. ಅಫೀಮಿನ ಪರಿಣಾಮವನ್ನು ತಡೆಯುವ ಮದ್ದನ್ನು ಮೊದಲೇ ಚುಚ್ಚಿದರೆ ಆ ಹೊರಳಾಟ ತಗ್ಗುವುದು. ನಾವು ಹುಚ್ಚಾಟವೆಂದು ನಗುತ್ತಿದ್ದುದು ಸೊಳ್ಳೆಗೆ ಬೆಕ್ಕು ಹೂಡಿದ ಪ್ರತಿತಂತ್ರವೂ ಆಗಿರಬಹುದು! ಎಲೆಯನ್ನು ಕಚ್ಚಿ ಹರಿಯುವುದೂ ವ್ಯರ್ಥವಲ್ಲ. ಮತತಬಿಯ ಎಲೆ ಹಾಗೆ ಗಾಯಗೊಂಡಾಗ ಈ ಬಗೆಯ ದ್ರವ್ಯಗಳು ಹತ್ತುಪಟ್ಟು ಹೆಚ್ಚಾಗಿ ಹೊರಬರುವುವೆಂದು ಅದೇ ಸಂಶೋಧಕರು ೨೦೨೨ರಲ್ಲಿ ಕಂಡುಕೊಂಡರು.

ಆದರೆ ಬೆಕ್ಕುಗಳೆಲ್ಲವೂ ಹೀಗೆ ಮರುಳಾಗುವುದಿಲ್ಲ. ಸುಮಾರು ಮೂರರಲ್ಲಿ ಒಂದು ಬೆಕ್ಕು ಗಿಡವನ್ನು ಮೂಸಿನೋಡಿ ಸುಮ್ಮನೆ ಹೊರಟುಹೋಗುತ್ತದೆ. ಇದು ವಂಶಪಾರಂಪರ್ಯದ ಗುಣ. ೧೯೬೨ರಲ್ಲಿ ನೀಲ್ ಟಾಡ್ ಇದನ್ನು ಒಂದೇ ಜೀನಿನ ಪ್ರಭಾವವೆಂದು ಬಗೆದನು, ಹಲವು ಜೀನುಗಳ ಕೈವಾಡವೆಂಬುದು ಈಚಿನ ಅಭಿಪ್ರಾಯ. ಎರಡು ಮೂರು ತಿಂಗಳೂ ತುಂಬದ ಮರಿಗಳಲ್ಲಿಯೂ ಈ ವರ್ತನೆ ಸಾಮಾನ್ಯವಾಗಿ ತೋರದು. ಆದಕಾರಣ ಮೊದಲು ಅಂಗಡಿಯ ಒಣ ಎಲೆಯನ್ನು ಚಿಟಿಕೆಯಷ್ಟು ತಂದು ಪರೀಕ್ಷಿಸುವುದು ಮೇಲು. ಬೆಕ್ಕು ನಿರ್ಲಕ್ಷಿಸಿದರೆ ಕುಂಡದ ಖರ್ಚು ಉಳಿಯಿತು.

ಒಲಿದರೆ ಬೀಜ ಬಿತ್ತಬಹುದು. ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ನೀರು ಬಸಿದುಹೋಗುವಂತೆ ತೂತುಳ್ಳ ಕುಂಡದಲ್ಲಿ ತುಂಬಿ, ಸಣ್ಣ ಬೀಜಗಳ ಮೇಲೆ ತೆಳುವಾಗಿ ಮಣ್ಣು ಹರಡಬೇಕು. ಮೊಳಕೆಗೆ ಒಂದೆರಡು ವಾರ ಬೇಕು. ಬಿಸಿಲು ಇದಕ್ಕೆ ಪ್ರಿಯ, ನಿಂತ ನೀರು ಶತ್ರು. ಮೇಲ್ಮಣ್ಣು ಒಣಗಿದ ಮೇಲೆಯೇ ನೀರೆರೆಯಬೇಕು. ಈ ಕಾರಣದಿಂದ ಕರಾವಳಿಯ ಮಳೆಗಾಲದಲ್ಲಿ ಕುಂಡವನ್ನು ಮಾಡಿನ ಕೆಳಗಿಡದಿದ್ದರೆ ಬೇರು ಕೊಳೆಯುವುದು ಬಹುಮಟ್ಟಿಗೆ ಖಚಿತ. ಮಿಲ್ಲರನ ಪಾಠವನ್ನು ಇಲ್ಲಿ ನೆನೆಯಬೇಕು: ಸಸಿಗಳನ್ನು ಅನವಶ್ಯಕವಾಗಿ ಮುಟ್ಟಬಾರದು, ಬೇರೆ ಕುಂಡಕ್ಕೆ ಬದಲಿಸಿದಾಗ ಕೆಲವು ವಾರಗಳು ತಂತಿಯ ಜಾಲರಿಯನ್ನು ಮುಚ್ಚಬೇಕು. ಎರಡು ಕುಂಡಗಳಿದ್ದರೆ ಇನ್ನೂ ಒಳ್ಳೆಯದು. ಒಂದು ಬೆಕ್ಕಿಗೆ, ಒಂದು ಎತ್ತರದಲ್ಲಿ ತೂಗುಹಾಕಿದ ದಾಸ್ತಾನು. ಕುಡಿ ಚಿವುಟಿದರೆ ಗಿಡ ಪೊದೆಯಾಗುವುದು. ಹೂ ಬಿಡುವ ಕಾಲಕ್ಕೆ ಕೊಯ್ದು ನೆರಳಿನಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಪರಿಮಳ ಬಹುಕಾಲ ನಿಲ್ಲುವುದು.

ಒಮ್ಮೆ ಹೊರಳಾಡಿದ ಬೆಕ್ಕು ಕೆಲವೇ ನಿಮಿಷಗಳಲ್ಲಿ ಬೇಸತ್ತು ಎದ್ದುಹೋಗುತ್ತದೆ. ಮತ್ತೆ ಆಸಕ್ತಿ ಹುಟ್ಟಲು ಒಂದೆರಡು ಗಂಟೆಯಾದರೂ ಬೇಕು. ಚಟ ಹತ್ತೀತೆಂಬ ಅಂಜಿಕೆಗೆ ಆಧಾರವಿಲ್ಲ. ಬಹಳವಾಗಿ ತಿಂದರೆ ಮಾತ್ರ ವಾಂತಿ, ಭೇದಿ ಆಗಬಹುದು.

ನಮ್ಮ ಹಿತ್ತಲಿನಲ್ಲಿಯೂ ಬೆಕ್ಕನ್ನು ಸೆಳೆಯುವ ಗಿಡವೊಂದುಂಟು. ಅದು ಕಳೆಯೆಂದು ನಾವು ಕಿತ್ತೆಸೆಯುವ ಕುಪ್ಪಿಗಿಡ. ಇಲ್ಲಿ ಬೆಕ್ಕಿಗೆ ಬೇಕಾದುದು ಎಲೆಯಲ್ಲ, ಬೇರು. ನೆಪೆಟಲಾಕ್ಟೋನಿನ ಹತ್ತಿರದ ಬಂಧುವೊಂದು ಅದರಲ್ಲಿರುವುದನ್ನು ಆಸ್ಟ್ರೇಲಿಯದ ಸಂಶೋಧಕರು ೨೦೧೬ರಲ್ಲಿ ಪ್ರಕಟಿಸಿದರು. ಆದರೆ ಕುಪ್ಪಿಗಿಡದಲ್ಲಿ ಸಯನೈಡನ್ನು ಬಿಡುಗಡೆಮಾಡಬಲ್ಲ ಅಕಾಲಿಫಿನ್ ಎಂಬ ವಸ್ತುವೂ ಇರುವುದರಿಂದ, ಕ್ಯಾಟ್‌ನಿಪ್‌ಗೆ ಬದಲಾಗಿ ಇದನ್ನು ಬೆಕ್ಕಿಗೆ ತಿನ್ನಿಸಬಾರದು.