ಟಿವಿ ಬದಲಾಯಿತು, ಕುರ್ಚಿ ಕದಲಲಿಲ್ಲ

"ಹಿಂದಕ್ಕೆ ಸರಿದು ಕೂತ್ಕೊ, ಕಣ್ಣು ಹಾಳಾಗತ್ತೆ!" ದೂರದರ್ಶನದಲ್ಲಿ ಚಿತ್ರಮಂಜರಿ ನೋಡಿ ಬೆಳೆದವರಲ್ಲಿ ಈ ಗದರಿಕೆ ಕೇಳದವರು ಕಡಿಮೆ. ಡಬ್ಬದಂಥ ಆ ಟಿವಿಗೆ ದೂರ ಬೇಕೂ ಬೇಕಿತ್ತು. 576 ಗೆರೆಗಳಲ್ಲಿ ಮೂಡುವ ಚಿತ್ರ ಹತ್ತಿರದಿಂದ ಒಡೆದೊಡೆದು ಕಾಣುತ್ತಿತ್ತು.

ಡಬ್ಬ ಹೋಗಿ ಗೋಡೆಗೆ ಹಲಗೆಯಂಥ ಟಿವಿ ಬಂತು. ಕೂರುವ ಜಾಗ ಮಾತ್ರ ಹಳೆಯದೇ ಉಳಿಯಿತು. ನಮ್ಮ ಮನೆಯದು 32 ಇಂಚಿನ ಟಿವಿ. ಅಮ್ಮನ ಕುರ್ಚಿ 10 ಅಡಿ ಆಚೆ, ಬಾಗಿಲ ಬಳಿ. ಕ್ರಿಕೆಟ್ ಬಂದರೆ ಕನ್ನಡಕ ಸರಿಮಾಡಿಕೊಂಡು, ಮುಂದಕ್ಕೆ ಬಗ್ಗಿ, ಕೊನೆಗೆ ನನ್ನನ್ನೇ ಕೇಳುತ್ತಿದ್ದರು: "ಎಷ್ಟಾಯ್ತೋ ಸ್ಕೋರು?"

ಲೆಕ್ಕ ಸುಲಭ. ಟಿವಿಯ ಇಂಚು ಎಂದರೆ ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದದ್ದು. ಅದನ್ನು 1.6ರಿಂದ ಗುಣಿಸಿದರೆ ಆರಾಮಾಗಿ ನೋಡುವ ದೂರ ಸಿಗುತ್ತದೆ. ಅಲ್ಲಿಂದ ಪರದೆ ನಮ್ಮ ನೋಟದಲ್ಲಿ 30 ಡಿಗ್ರಿಯಷ್ಟು ಹರಡಿಕೊಳ್ಳುತ್ತದೆ. 32 ಇಂಚಿಗೆ ಸುಮಾರು ನಾಲ್ಕೂಕಾಲು ಅಡಿ, 43ಕ್ಕೆ ಆರಡಿಗೆ ತುಸು ಕಡಿಮೆ, 55ಕ್ಕೆ ಏಳಡಿ ಚಿಲ್ಲರೆ. ಚಿತ್ರಮಂದಿರದಂತೆ ಮುಳುಗಿ ನೋಡಬೇಕೆನ್ನುವವರು 1.2ರಿಂದ ಗುಣಿಸಲಿ. ಅದಕ್ಕೂ ಮುಂದೆ ಹೋದರೆ ಗಾಂಧಿ ಕ್ಲಾಸಿನ ಮೊದಲ ಸಾಲಿನ ಪಾಡು: ಪರದೆಯ ಈ ತುದಿಯಿಂದ ಆ ತುದಿಗೆ ಕತ್ತು ತಿರುಗಿಸಬೇಕು.

ಅಂಗಡಿಯಲ್ಲಿ ಫೋರ್‌ಕೆ ಟಿವಿಯ ಎದುರು ಎರಡಡಿ ದೂರದಲ್ಲಿ ನಿಂತು ಬೆರಗಾಗುತ್ತೇವೆ. ಮನೆಯಲ್ಲಿ ಹಾಗೆ ನೋಡುವುದಿಲ್ಲವಲ್ಲ! ಒಂದು ಡಿಗ್ರಿಯ 60ನೇ ಒಂದು ಭಾಗಕ್ಕಿಂತ ಸಣ್ಣ ಚುಕ್ಕೆಗಳನ್ನು ಸಾಮಾನ್ಯ ದೃಷ್ಟಿ ಬಿಡಿಬಿಡಿಯಾಗಿ ಗುರುತಿಸಲಾರದು. ಹಾಗಾಗಿ 55 ಇಂಚಿನ ಟಿವಿಯನ್ನು ಏಳಡಿಗಿಂತ ದೂರದಿಂದ ನೋಡಿದರೆ ಫುಲ್ ಎಚ್‌ಡಿಗೂ ಫೋರ್‌ಕೆಗೂ ಚುಕ್ಕೆಗಳ ಲೆಕ್ಕದಲ್ಲಿ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಟಿವಿ ಕೊಳ್ಳುವ ಮುನ್ನ ಮನೆಯಲ್ಲಿ ಟೇಪು ಹಿಡಿಯಿರಿ.

ಕಣ್ಣಿನ ಮಾತೇನು? ಹತ್ತಿರ ಕೂತು ಟಿವಿ ನೋಡಿದ ಮಾತ್ರಕ್ಕೆ ಕಣ್ಣು ಕೆಡುವುದಿಲ್ಲ. ರೆಪ್ಪೆ ಬಡಿಯದೆ ನೋಡುವುದರಿಂದ ಒಣಗುತ್ತದೆ, ದಣಿಯುತ್ತದೆ. ಆದರೆ ಮಗು ಪದೇ ಪದೇ ಪರದೆಯ ಹತ್ತಿರಕ್ಕೇ ಹೋಗುತ್ತಿದ್ದರೆ ಗದರಬೇಡಿ, ಕಣ್ಣು ಪರೀಕ್ಷೆ ಮಾಡಿಸಿ. ದೂರದ್ದು ಮಸುಕಾಗಿ ಕಾಣುತ್ತಿರಬಹುದು.

ಕಳೆದ ಭಾನುವಾರ ಅಮ್ಮನ ಕುರ್ಚಿಯನ್ನು ಐದಡಿಗೆ ತಂದಿಟ್ಟೆ. "ಇಷ್ಟು ಹತ್ತಿರಾನೇನೋ?" ಎಂದು ಅನುಮಾನದಿಂದಲೇ ಕೂತರು. ಮೂರನೇ ಓವರ್ ಮುಗಿಯುವಾಗ ನಾನು ಅಡುಗೆಮನೆಯಲ್ಲಿದ್ದೆ. ಸ್ಕೋರು ಎಷ್ಟೆಂದು ಅಮ್ಮನೇ ಕೂಗಿ ಹೇಳಿದರು.